ನಾನು ‘ಸರಿ’ ಅನ್ನುವ ಮುಂಚೆ

ತಾರೀಖು ೧೨, ಗುರುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಬಾಯಿಬಡುಕಿ ತಂಗಿಯ ನಮಸ್ಕಾರ. ನೀನು ಬರೆದ ಎರಡು ಕಾಗದಕ್ಕೂ ಉತ್ತರ ಬರಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಬೈದುಕೋ. ಬೈಸಿಕೊಂಡು ಅಭ್ಯಾಸವಾಗಿದೆ, ನೀನು ಬೈದರೆ ಅದರಲ್ಲಿ ಪ್ರೀತಿಯಾದರೂ ಇರುತ್ತದೆ. ಭಾವನ ಬೆನ್ನುನೋವು ಈಗ ಹೇಗಿದೆ? ಚಿಕ್ಕವಳ ಮುಂದಿನ ಹಲ್ಲು ಬಿದ್ದ ಸುದ್ದಿ ಓದಿ ನಕ್ಕೆ. ಈ ಮನೆಯಲ್ಲಿ ನಗಬೇಕೆಂದರೂ ಈಗ ಆಚೀಚೆ ನೋಡಬೇಕು.

ಇವರ ಕೈಗೆ ಪೆಟ್ಟಾದದ್ದು ನಿನಗೆ ಯಾರಿಂದಲೋ ತಿಳಿದಿದೆ. “ನೀನೇ ಏನೋ ಎಡವಟ್ಟು ಮಾಡಿದೆಯಂತೆ” ಎಂದು ಬರೆದಿದ್ದೀಯ. ಊರವರೆಲ್ಲ ಅಂದದ್ದು ಸಾಲದೆ ನೀನೂ ಅಂದೆಯಲ್ಲ ಅಕ್ಕ! ಅದಕ್ಕೇ ಪೆನ್ನು ಹಿಡಿಯಲು ಮನಸ್ಸು ಬರಲಿಲ್ಲ. ಈಗ ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ, ಕೇಳು.

ನಮ್ಮ ಕೆಲಸ ನಿನಗೆ ಗೊತ್ತೇ ಇದೆ. ಜನರ ಮನೆಗೆ ಹೋಗಿ ಗೋಡೆಗೆ ಕಪಾಟು, ಕನ್ನಡಿ, ಪರದೆಯ ಕಂಬಿ ಕೂರಿಸುವುದು. ಏಣಿ ಹತ್ತಿ ಡ್ರಿಲ್ ಹಿಡಿಯುವವರು ಇವರು, ಕೆಳಗೆ ನಿಂತು ಗೋಡೆ ನೋಡುವವಳು ನಾನು. ಸ್ವಿಚ್ಚಿನ ನೇರಕ್ಕೆ ಮೇಲೆ, ಕೆಳಗೆ, ಪಕ್ಕದಲ್ಲಿ ವೈರ್ ಹೋಗಿರುತ್ತದೆ. ನಲ್ಲಿಯ ನೇರಕ್ಕೆ ಪೈಪ್ ಇರುತ್ತದೆ. ಅಲ್ಲಿ ಕೊರೆಯಬಾರದೆಂದು ಇಬ್ಬರಿಗೂ ಗೊತ್ತು. ಆದರೆ ಹಳೆಯ ಪ್ಲಗ್ ಕಿತ್ತು, ಒಳಗಿನ ವೈರ್ ಹಾಗೇ ಬಿಟ್ಟು, ಮೇಲೆ ಗಾರೆ ಮೆತ್ತಿ ಬಣ್ಣ ಹೊಡೆದ ಮನೆಗಳೂ ಇರುತ್ತವೆ. ಅದಕ್ಕಾಗಿ ಅಂಗೈಯಷ್ಟು ದೊಡ್ಡ ಯಂತ್ರವೊಂದನ್ನು ಗೋಡೆಯ ಮೇಲೆ ಆಡಿಸುತ್ತೇನೆ. ಒಳಗೆ ಏನಾದರೂ ಇದ್ದರೆ ಅದು ಕುಂಯ್ ಎನ್ನುತ್ತದೆ. ಅಲ್ಲಿಗೆ ಪೆನ್ಸಿಲ್ ಗುರುತು ಹಾಕಿ, ಆ ಕೋಣೆಯ ಕರೆಂಟ್ ತೆಗೆಸಿ, ಪಕ್ಕದ ಕೋಣೆಯಿಂದ ಡ್ರಿಲ್ಲಿಗೆ ವೈರ್ ಎಳೆದು, ಆಮೇಲೆ “ಸರಿ” ಎನ್ನುತ್ತೇನೆ. ಆ ಮಾತು ಬೀಳುವ ತನಕ ಇವರು ಗುಂಡಿ ಒತ್ತುವುದಿಲ್ಲ. ಮದುವೆಯಾದಾಗಿನಿಂದ ಇದೇ ಕಟ್ಟುಪಾಡು. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಅದೊಂದು ಮಾತನ್ನು ಮಾತ್ರ ಆಡುತ್ತಿದ್ದೆವು.

ಅವತ್ತು ಒಂದು ಮನೆಯ ಅಡುಗೆಕೋಣೆಯಲ್ಲಿ ಕಪಾಟು ಕೂರಿಸಬೇಕಿತ್ತು. ಅಲ್ಲೇ ಮೂಲೆಯಲ್ಲಿ ಟೈಲ್ಸ್ ಗುಂಡ ಕೂತು ಟೈಲ್ಸ್ ಕತ್ತರಿಸುತ್ತಿದ್ದ. ಅವನ ಮಷಿನ್ ಅದೇ ಕೋಣೆಯ ಪ್ಲಗ್ಗಿನಲ್ಲಿ ಓಡುತ್ತಿದ್ದುದರಿಂದ, ಅವನದು ಮುಗಿಯಲಿ, ಆಮೇಲೆ ಕರೆಂಟ್ ತೆಗೆಯೋಣ ಎಂದೆ. ಅಷ್ಟರಲ್ಲಿ ಗೋಡೆ ನೋಡಿಬಿಡೋಣವೆಂದು ಯಂತ್ರ ಆಡಿಸಿದೆ. ಸ್ವಿಚ್ಚೂ ಇಲ್ಲ, ನಲ್ಲಿಯೂ ಇಲ್ಲ, ಆದರೂ ಅದು ಕುಂಯ್ ಎಂದಿತು. “ಇಲ್ಲೇನೋ ಇದೆ ರೀ, ಸ್ವಲ್ಪ ತಡೀರಿ” ಎಂದೆ.

ಗುಂಡ ಮಷಿನ್ ನಿಲ್ಲಿಸಿ ಹಲ್ಲು ಕಿರಿದ. “ಏನಣ್ಣ, ಅಕ್ಕ ಹೂಂ ಅನ್ನೋವರೆಗೂ ಏಣಿ ಮೇಲೇ ತಪಸ್ಸಾ? ಉಸಿರಾಡೋಕಾದ್ರೂ ಬಿಟ್ಟಿದಾರೋ, ಅದಕ್ಕೂ ಅಪ್ಪಣೆ ಬೇಕೋ?” ಎಂದ. ಬಾಗಿಲಲ್ಲಿ ನಿಂತಿದ್ದ ಮನೆಯ ಯಜಮಾನರೂ ನಕ್ಕು ಒಳಗೆ ಹೋದರು. ಇವರ ಕಿವಿ ಕೆಂಪಾದದ್ದನ್ನು ನಾನು ಕಣ್ಣಾರೆ ಕಂಡೆ. ಗುಂಡ ಮತ್ತೆ ಕತ್ತರಿಸಲು ಶುರು ಮಾಡಿದ, ಆ ಸದ್ದಿಗೆ ಕಿವಿ ಗುಂಯ್ ಎನ್ನುತ್ತಿತ್ತು. ನಾನು ಚೀಲದಿಂದ ಪೆನ್ಸಿಲ್ ತೆಗೆಯಲು ಬಗ್ಗಿದೆ. ಬಗ್ಗಿದ್ದಷ್ಟೇ ಅಕ್ಕ, ಮೇಲೆ ಢಬ್ ಎಂದು ಬೆಂಕಿ ಹಾರಿತು. ಏಣಿಯ ಸಮೇತ ಇವರು ನನ್ನ ಪಕ್ಕದಲ್ಲೇ ಬಿದ್ದರು. ಬಲಗೈ ಮಣಿಕಟ್ಟು ಮುರಿದಿತ್ತು, ಅಂಗೈ ಸುಟ್ಟಿತ್ತು. ಜೀವ ಉಳಿದದ್ದೇ ದೊಡ್ಡದು.

ಆಸ್ಪತ್ರೆಯಲ್ಲಿ ಆ ಯಜಮಾನರು “ಹೇಗಾಯ್ತಪ್ಪಾ ಇದು?” ಎಂದು ಕೇಳಿದರು. ಇವರು ಕಣ್ಣು ಮುಚ್ಚಿಕೊಂಡೇ ಹೇಳಿದರು: “ಅವಳು ಸರಿ ಅಂದ್ಲು, ನಾನು ಕೊರೆದೆ.”

ನಾನು ತುಟಿ ಪಿಟಕ್ಕೆನ್ನಲಿಲ್ಲ. ತಡಿ ಅಂದರೂ ಕೇಳದೆ ಕೊರೆಯುವವನೆಂದು ಗೊತ್ತಾದರೆ ನಾಳೆ ಯಾರು ಕೆಲಸಕ್ಕೆ ಕರೆಯುತ್ತಾರೆ? ನೋವಿನಲ್ಲಿದ್ದಾರೆ, ನಾಲ್ಕು ಜನರ ಮುಂದೆ ಮಾನ ಉಳಿಸಿಕೊಂಡರು, ಉಳಿಸಿಕೊಳ್ಳಲಿ ಎಂದುಕೊಂಡೆ. ಗುಂಡನನ್ನು ಕೇಳಿದರೆ “ಮಷಿನ್ ಸದ್ದಲ್ಲಿ ನಂಗೇನೂ ಕೇಳಿಸ್ಲಿಲ್ಲಪ್ಪ” ಎಂದು ಜಾರಿಕೊಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು ನನ್ನ ಪಾಡು.

ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ, “ಕಟ್ಕೊಂಡ ಗಂಡನ್ನೇ ಸುಟ್ಟುಬಿಡ್ತಿದ್ಲು ಪುಣ್ಯಾತ್ಗಿತ್ತಿ” ಎಂದು. ನಾನು ಪಕ್ಕದಲ್ಲೇ ಕೂತು ಅವರ ಮಗನಿಗೆ ತುತ್ತು ಕಲಸಿ ಬಾಯಿಗಿಡುತ್ತಿರುತ್ತೇನೆ. ಇವರು ತಲೆ ತಗ್ಗಿಸಿ ಉಣ್ಣುತ್ತಾರೆ. ಒಂದು ಸಲವಾದರೂ “ಸುಮ್ನಿರಮ್ಮಾ” ಅನ್ನಬಾರದೇ? ಕೆಲಸಕ್ಕೆ ಕರೆಯುವವರು “ಕೈ ವಾಸಿಯಾದ್ಮೇಲೆ ನೀವು ಬನ್ನಿ, ಮನೆಯವರನ್ನ ಮಾತ್ರ ಕರ್ಕೊಂಡು ಬರ್ಬೇಡಿ” ಎನ್ನುತ್ತಾರಂತೆ. ಮುಂದಿನ ತಿಂಗಳಿಂದ ಇವರ ಜೊತೆ ಯಾರು ಹೋಗುತ್ತಾರೆ ಗೊತ್ತೇ? ಗುಂಡ! ನನ್ನ ಯಂತ್ರ ಅವನ ಚೀಲ ಸೇರಿಯೂ ಆಯಿತು. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ ಅಕ್ಕ, ಸುಳ್ಳೇಕೆ ಹೇಳಲಿ.

ಆದರೂ ಊರ ಬಾಯಿ ಮುಚ್ಚಿಸಬೇಕೆಂಬ ಹಟ ನನಗಿಲ್ಲ. ಯಾರೂ ಇಲ್ಲದಾಗ, ನನ್ನೊಬ್ಬಳ ಹತ್ತಿರ, “ನೀನು ಅನ್ನಲಿಲ್ಲ ಕಣೇ, ನಾನೇ ದುಡುಕಿದೆ” ಅಂದುಬಿಟ್ಟರೆ ಸಾಕು. ಅಷ್ಟು ಸಿಕ್ಕರೆ ಲೋಕಕ್ಕೆಲ್ಲ ತಪ್ಪಿತಸ್ಥಳಾಗಿಯೇ ಈ ಮನೆಯಲ್ಲಿ ಬಾಳಿಬಿಡುತ್ತೇನೆ. ಹೇಳುತ್ತಾರೆ, ನನಗೆ ನಂಬಿಕೆಯಿದೆ. ಕೈನೋವು ಇಳಿಯಲಿ ಎಂದು ಕಾಯುತ್ತಿದ್ದೇನೆ.

ಭಾವನಿಗೆ ನಮಸ್ಕಾರ ತಿಳಿಸು, ಭಾರ ಎತ್ತಬೇಡಿ ಎಂದು ನಾನು ಹೇಳಿದೆನೆನ್ನು. ಮಕ್ಕಳಿಗೆ ಒಳ್ಳೆಯದಾಗಲಿ, ಚೆನ್ನಾಗಿ ಓದಿ ಮುಂದೆ ಬರಲಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ಇಂತಿ ನಿನ್ನ,
ಬಾಯಿಬಡುಕಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ. ಇವತ್ತು ಮಧ್ಯಾಹ್ನ ಅತ್ತೆ ಪಕ್ಕದ ಮನೆಗೆ ಹೋಗಿದ್ದರು. ಕಾಯಲು ಆಗಲಿಲ್ಲ, ಬಾಗಿಲು ಹಾಕಿ ಬಂದು ಕೇಳಿಯೇಬಿಟ್ಟೆ: “ರೀ, ಇಲ್ಲಿ ನಾವಿಬ್ರೇ ಇರೋದು. ನಿಜ ಹೇಳಿ, ನಾನು ಸರಿ ಅಂದಿದ್ನಾ?” ಇವರು ನನ್ನ ಮುಖವನ್ನೇ ನೋಡಿದರು. ಕಣ್ಣಲ್ಲಿ ನೀರು ಬಂದಿತ್ತು. ನೆಟ್ಟಗಿರುವ ಎಡಗೈಯನ್ನು ನನ್ನ ತಲೆಯ ಮೇಲಿಟ್ಟು, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ ಹೇಳಿದರು, “ಇನ್ನೂ ಅದಕ್ಕೇ ಕೊರಗ್ತಿದೀಯೇನೇ? ಬಿಡು. ನಾನು ನಿನ್ನನ್ನ ಅವತ್ತೇ ಕ್ಷಮಿಸಿಬಿಟ್ಟೆ.”

ಕ್ಷಮಿಸಿದ್ದಾರಂತೆ ಅಕ್ಕ. ನನ್ನನ್ನು.