ಕಿಟಕಿಯಲ್ಲಿ ಒಣಗುತ್ತಿದ್ದ ರೀಲು

ನವೆಂಬರ್ ೧೭, ಸೋಮವಾರ

ಇವತ್ತೂ ತಲೆಯಲ್ಲಿ ಗಾಳದ ರೀಲಿನದೇ ಚಿಂತೆ. ಕಾರವಾರದ ಸಮುದ್ರಕ್ಕೆ ಒಯ್ಯುತ್ತಿದ್ದ ಹಳೆಯದು ಉಪ್ಪು ತಿಂದು ಬಿಗಿದುಕೊಂಡಿದೆ, ಹಿಡಿಕೆ ತಿರುಗುವುದಿಲ್ಲ. ಗೋಲ್ಡನ್ ಮೀನ್ ಅಂತ ಕಾಲೇಜಿನಲ್ಲಿ ಏನೋ ಓದಿದ್ದೆ, ಅತಿಯೂ ಬೇಡ, ತೀರ ಕಡಿಮೆಯೂ ಬೇಡ ಎಂದು ಅರ್ಥವಿರಬೇಕು. ಹಾಗಾಗಿ ಆರೀಫನ ಅಂಗಡಿಯಲ್ಲಿ ನಡುವಿನ ಬೆಲೆಯದನ್ನೇ ಕೇಳಿದೆ.

ಅವನು ಎರಡು ತೆಗೆದಿಟ್ಟ. ಒಂದು ಥಳಥಳ ಹೊಳೆಯುವಂಥದ್ದು, ಬೇರಿಂಗು ಬಹಳ. ಇನ್ನೊಂದು ಸಾದಾ, ಆದರೆ ಒಳಗೆ ನೀರು ಇಳಿಯದಂತೆ ರಬ್ಬರ್ ಕೂರಿಸಿದ್ದಾರೆ.

"ಬೇರಿಂಗ್ ಎಣಿಸಬ್ಯಾಡ್ರಿ ಇನಾಸ್ ಕಾಕಾ, ಸಾದಾದ್ದ ಒಯ್ರಿ. ಆದ್ರ ಸಮುದ್ರದಿಂದ ಬಂದ ಕೂಡ್ಲೆ ಸಿಹಿನೀರಾಗ ತೊಳೀಬೇಕ್ ನೋಡ್ರಿ."

"ಹಳೇದನ್ನ ನಾ ಎಂದೂ ತೊಳದಿಲ್ಲೋ. ಇಷ್ಟು ವರ್ಷ ನಡೀತಲ್ಲ?"

"ಹಂಗಾರ ನಿಮ್ಮ ಮನ್ಯಾಗ ಭೂತ ತೊಳೀತಿತ್ತೇನ್ರಿ?" ಎಂದು ನಕ್ಕ.

ನಾನೂ ನಕ್ಕೆ. ಅಂಬೇವಾಡಿಯ ಮನೆ ಮುಟ್ಟುವ ಹೊತ್ತಿಗೆ ನಗು ಉಳಿದಿರಲಿಲ್ಲ.

ಸಮುದ್ರದಿಂದ ದಣಿದು ಬಂದವನು ಮೀನಿನ ಚೀಲ, ರೀಲು ಎರಡನ್ನೂ ಬಚ್ಚಲಲ್ಲಿ ಹಾಕಿ ಮಲಗಿಬಿಡುತ್ತಿದ್ದೆ. ಬೆಳಿಗ್ಗೆ ರೀಲು ಕಿಟಕಿಯಲ್ಲಿ ಒಣಗುತ್ತಿರುತ್ತಿತ್ತು. ನಾತ ತಾಳಲಾರದೆ ಹೆಂಡತಿ ಅಲ್ಲಿಡುತ್ತಾಳೆ ಎಂದುಕೊಂಡಿದ್ದೆ. ತಾನೇ ತೊಳೆದಿಡುತ್ತಿದ್ದೇನೆ ಎಂದು ಜ್ಯೂಲಿ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ರೀಲು ಗಟ್ಟಿ, ಒಳ್ಳೆಯ ಕಂಪನಿಯದು ಎಂದು ನಾನು ಊರಿಗೆಲ್ಲ ಹೊಗಳಿದೆ. ಅವಳು ತೀರಿಹೋದ ಮೇಲೆ ಒಂದು ಮಳೆಗಾಲವನ್ನೂ ಅದು ದಾಟಲಿಲ್ಲ.

ಸಾದಾದನ್ನೇ ತಂದಿದ್ದೇನೆ. ಇದು ಇನ್ನೂ ಸಮುದ್ರವನ್ನೇ ಕಂಡಿಲ್ಲ. ಆದರೂ ಈಗ ಎದ್ದು ಹೋಗಿ, ಒದ್ದೆ ಮಾಡಿ ಬಚ್ಚಲಲ್ಲೇ ಇಟ್ಟು ಬಂದೆ. ಬೆಳಿಗ್ಗೆ ಎದ್ದು ನೋಡಿದರೆ ಅಲ್ಲೇ ಇರುತ್ತದೆ, ಗೊತ್ತು. ಗೊತ್ತಿದ್ದೂ ಕಿಟಕಿಯ ಬಾಗಿಲು ತೆರೆದಿಟ್ಟು ಬಂದಿದ್ದೇನೆ.