ಜುಲೈಯಲ್ಲಿ ತುಂಬಿದ ತೋಟಾ

ಡಾರ್ಬಿ, ಮೊಂಟಾನಾ
ಅಕ್ಟೋಬರ್ ೧೨

ಪ್ರೀತಿಯ ತಮ್ಮ ನೀಲ್ಸ್‌ಗೆ,

"ಬೇಸಿಗೆ ಹೇಳಿದ್ದನ್ನು ಚಳಿಗಾಲ ಒಪ್ಪುವುದಿಲ್ಲ" ಎಂದು ಅಜ್ಜಿ ಹೇಳುತ್ತಿದ್ದರಲ್ಲ? ಒಪ್ಪುವುದಿಲ್ಲವೆಂದೋ, ಮರೆಯುತ್ತದೆಂದೋ? ಆ ಮಾತಿನ ಬೆನ್ನು ಹತ್ತಿ ನಿನಗೆ ಉತ್ತರ ಬರೆಯುವುದೇ ತಡವಾಯಿತು. ಬೇಸರ ಮಾಡಿಕೊಳ್ಳಬೇಡ.

ಕಳೆದ ನವೆಂಬರಿನ ಕೊರೆವ ಚಳಿಯಲ್ಲಿ ಅಪ್ಪ ಹೊಡೆದ ಗುಂಡು ಗುರಿಗಿಂತ ತಗ್ಗಿಹೋಗಿ, ಎಲ್ಕ್ ಜಿಂಕೆ ಗಾಯಗೊಂಡು ಕಾಡಿನಲ್ಲಿ ಕಳೆದುಹೋಯಿತು. ನೀನು ಪಕ್ಕದಲ್ಲೇ ಇದ್ದೆ. "ಕೈ ನಡುಗ್ತಿದೆ ಅಪ್ಪಾ, ಇನ್ನು ಸಾಕು" ಎಂದೆ. ಅಂದಿನಿಂದ ಅವರು ಕೋವಿ ಮುಟ್ಟಿಲ್ಲ. ಈ ವರ್ಷದ ಬೇಟೆ ಇನ್ನೇನು ಶುರುವಾಗುತ್ತದೆ. ಅವರು ಹೊರಡುತ್ತಾರೆಯೇ ಎಂಬುದೇ ನನ್ನ ಚಿಂತೆ.

ತಪ್ಪಿದ್ದು ಕೈಯೋ ತೋಟಾವೋ ಎಂಬ ಕುತೂಹಲವೂ ನನಗಿತ್ತು. ಅಪ್ಪ ಬಹುಕಾಲದಿಂದ ಬಳಸುತ್ತಿದ್ದ ಕೋವಿಮದ್ದಿನ ಪುಡಿ ಕಳೆದ ವರ್ಷ ಅಂಗಡಿಯಲ್ಲಿ ಸಿಗಲಿಲ್ಲ. ಬೇರೆಯದನ್ನು ತಂದು ತೋಟಾ ತುಂಬಿ, ಜುಲೈ ಬಿಸಿಲಿನಲ್ಲಿ ಹಾರಿಸಿ ನೋಡಿ, ಕೋವಿಯ ದುರ್ಬೀನನ್ನು ಆ ವೇಗಕ್ಕೇ ಹೊಂದಿಸಿದ್ದರು. ಉಳಿದ ತೋಟಾಗಳಲ್ಲಿ ಕೆಲವನ್ನು ಹಕ್ಕಲ್‌ಬೆರಿ ಹಣ್ಣಿನ ಪಕ್ಕ ಫ್ರೀಜರಿನಲ್ಲಿಟ್ಟೆ, ಕೆಲವನ್ನು ಅಡುಗೆಮನೆಯಲ್ಲೇ ಬಿಟ್ಟೆ. ಪಕ್ಕದ ಮನೆಯ ವೆಂಡೆಲ್ ನಕ್ಕರು: "ಏನಮ್ಮಾ ಸೋಲ್ವೇಗ್, ಕವಿತೆ ಓದೋದು ಬಿಟ್ಟು ತೋಟಾ ಉಪ್ಪಿನಕಾಯಿ ಹಾಕ್ತಿದೀಯಾ?" ಆದರೂ ಗುಂಡಿನ ವೇಗ ಅಳೆಯುವ ತಮ್ಮ ಯಂತ್ರ ತಂದುಕೊಟ್ಟರು. ನಾನು ಹಾರಿಸಿದೆ, ಅವರು ಓದಿದರು.

ಬೆಚ್ಚಗಿನವುಗಳ ವೇಗ ಹೆಚ್ಚುಕಡಿಮೆ ಒಂದೇ. ತಣ್ಣಗಿನವು ವೇಗದಲ್ಲಿ ಸೋತವು, ಸೋತದ್ದೂ ಒಂದೇ ಸಮನಾಗಿ ಅಲ್ಲ. ವೆಂಡೆಲ್ ನಗು ನಿಲ್ಲಿಸಿ ಲೆಕ್ಕ ಹಾಕಿದರು. "ಆ ಎಲ್ಕ್ ನಿಂತಿದ್ದಷ್ಟು ದೂರಕ್ಕೆ ಅಂಗೈಯಗಲ ಕೆಳಗೆ ಬೀಳುತ್ತೆ. ನಿಮ್ಮಪ್ಪನ ಕೈ ಎಲ್ಲಿರ್ಬೇಕೋ ಅಲ್ಲೇ ಇತ್ತು ಬಿಡು."

ಆಮೇಲೆ ಇನ್ನೊಂದು ಪುಡಿ ತಂದು ಪರೀಕ್ಷಿಸಿದೆವು. ವೇಗ ತುಸು ಕಡಿಮೆ, ಆದರೆ ಚಳಿಯಿರಲಿ ಸೆಕೆಯಿರಲಿ ಅದರ ನಡೆ ತಪ್ಪುವುದಿಲ್ಲ. ಎಲ್ಲಕ್ಕಿಂತ ಜೋರಾಗಿ ಓಡುವುದನ್ನೇ ಆರಿಸುವ ನಮ್ಮ ಆಸೆ ಎಲ್ಲಿಂದ ಬಂತೋ ಎಂದು ಯೋಚಿಸುತ್ತಿದ್ದೇನೆ.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. "ಹೌದಾ" ಎಂದು, ಒಂದು ಹನಿಯೂ ಚೆಲ್ಲದೆ ಕಾಫಿ ಬಗ್ಗಿಸಿಕೊಂಡರು.

ನೀನೂ ಮಕ್ಕಳೂ ಬೆಚ್ಚಗಿರಿ. ಮೊದಲ ಹಿಮ ನಿಮ್ಮ ದಾರಿಗೆ ಅಡ್ಡ ಬಾರದಿರಲಿ.

ನಿನ್ನ ಅಕ್ಕ,
ಸೋಲ್ವೇಗ್

ಮತ್ತೆ ಬರೆದದ್ದು: ಲಕೋಟೆ ಅಂಟಿಸುವ ಹೊತ್ತಿಗೆ ವೆಂಡೆಲ್ ಬಂದರು. ಅಪ್ಪನನ್ನು ಬೇಟೆಗೆ ಕರೆಯಲು ಅವರ ಮನೆಗೆ ಹೋಗಿದ್ದರಂತೆ. ಒಳಗೆ ಬರಲಿಲ್ಲ, ಬಾಗಿಲಲ್ಲೇ ಟೋಪಿ ತೆಗೆದು ನಿಂತು ಹೇಳಿದರು: "ಬರಲ್ಲ ಅಂದ್ರು ಕಣಮ್ಮಾ. 'ಪುಡಿದೇ ತಪ್ಪು ಅಂತ ನಂಗೆ ಅವತ್ತೇ ಅನ್ನಿಸ್ತು. ಆದ್ರೆ ನೀಲ್ಸ್ ನನ್ನ ಮುಖ ನೋಡ್ಲಿಲ್ಲ, ಕೈ ನೋಡ್ದ. ಅವತ್ತಿಂದ ಅವನು ಬಂದ್ರೆ ಕೈ ಜೇಬಲ್ಲೇ ಇಟ್ಕೋತೀನಿ' ಅಂದ್ರು."