ಎಂಟು ಕಾಲಂ ಅಗಲದ ಅಕ್ಷರ

ಸಂಗಮೇಶ,

ನೀನು ಹೋಗಿ ಮೂರು ವರ್ಷವಾದ ಮೇಲೆ ಪತ್ರ ಬರೆಯುತ್ತಿದ್ದೇನೆ. ಅಂಚೆಯವರಿಗೆ ತೊಂದರೆ ಕೊಡುವ ಉದ್ದೇಶವಿಲ್ಲ.

ನಮ್ಮ ಪತ್ರಿಕೆಯ ತಲೆಬರಹಕ್ಕೆಂದು ನೀನು ಬರೆದುಕೊಟ್ಟ ಅಕ್ಷರಗಳು ಕ್ಷೇಮ. ದಪ್ಪ ಗೀಟು ತೆಂಗಿನ ಬೊಡ್ಡೆಯಷ್ಟು, ತೆಳು ಗೀಟು ಗರಿಯ ಕಡ್ಡಿಯಷ್ಟು. ಒಂದೊಂದೂ ಜಗಲಿ ತುಂಬ ಕೂತ ಯಜಮಾನರಷ್ಟು ಅಗಲ. ಕಂಪ್ಯೂಟರಿಗೆ ಏರಿಸಿದ ಮೇಲೂ ಅವನ್ನು ದೊಡ್ಡ ಸಾವುಗಳಿಗೆ ಮಾತ್ರ ಹೊರಗೆ ತೆಗೆಯುತ್ತಾರೆ.

ಸೋಮವಾರ ನನ್ನ ಹೃದಯದ ಆಪರೇಷನ್. ಅದಕ್ಕೆ ಮೊದಲೇ ಅಂಕಣ ಕೊಟ್ಟುಬಿಡೋಣ ಎಂದು ಇವತ್ತು ಬೆಳಿಗ್ಗೆ ಶೆಟ್ಟಿಹಳ್ಳಿಯಿಂದ ಆಫೀಸಿಗೆ ಹೋದೆ. ಪುಟ ಕಟ್ಟುವ ದೀಪಿಕಾಳ ಕಂಪ್ಯೂಟರಿನಲ್ಲಿ ನಿನ್ನ ಅಕ್ಷರಗಳು ಪರದೆ ತುಂಬ ಕೂತಿದ್ದವು: ‘ಪುಟ್ಟರಂಗಯ್ಯ ಇನ್ನಿಲ್ಲ’.

“ಅಯ್ಯೋ ಸಾರ್! ಸಂಪಾದಕರು ರೆಡಿ ಇಟ್ಟಿರು ಅಂದ್ರು. ಒಂದೇ ಲೈನಿಗೆ ಬರುತ್ತಾ ಅಂತ ಸುಮ್ನೆ ನೋಡ್ತಿದ್ದೆ.”

“ಬಂತಾ?”

“ಕರೆಕ್ಟಾಗಿ ಬಂತು ಸಾರ್. ಅಳಿಸ್ಲಾ?”

“ಇರ್ಲಿ ಬಿಡಮ್ಮ. ಎರಡೆರಡು ಸಲ ಯಾಕೆ ಕೆಲಸ!” ಎಂದು ನಕ್ಕೆ. ನನ್ನ ಹೆಸರು ಅಷ್ಟು ಗಂಭೀರವಾಗಿ ಕಂಡದ್ದು ಅದೇ ಮೊದಲು.

ನೀನು ಗುಬ್ಬಿಯಲ್ಲಿ ತೀರಿಕೊಂಡ ಸುದ್ದಿ ಐದನೇ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬಂತು, ನಾಲ್ಕು ಸಾಲು. ಆ ದಿನ ಪುಟ ನೋಡಿ ಸಹಿ ಹಾಕುವ ಸರದಿ ನನ್ನದಾಗಿತ್ತು.

“ದೀಪಿಕಾ, ನನ್ನ ಹೆಸರಿನ ಜಾಗಕ್ಕೆ ಸಂಗಮೇಶ ಅಂತ ಹಾಕಮ್ಮ. ಒಂದ್ಸಲ ನೋಡೋಣ” ಎಂದೆ.

ಅವಳು ನಿನ್ನ ಅಕ್ಷರಗಳಲ್ಲೇ ನಿನ್ನ ಹೆಸರು ಹೊಡೆದು, ತಲೆಯೆತ್ತಿ ಕೇಳಿದಳು:

“ಯಾರು ಸಾರ್ ಇವ್ರು? ಇವ್ರ್ದೂ ಸೋಮವಾರ ಆಪರೇಷನ್ನಾ?”